ಪಿಕಪ್ ಫೀಡ್‌ಬ್ಯಾಕ್
ಎಲೆಕ್ಟ್ರಿಕ್ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಹಿಡಿದ ಸದ್ದು ಆಂಪ್ಲಿಫೈಯರಿನಲ್ಲಿ ಹಿಗ್ಗಿ, ಸ್ಪೀಕರಿನಿಂದ ಮರಳಿ ಗಿಟಾರನ್ನೇ ತಾಗಿ, ಸುತ್ತುತ್ತಲೇ ಬೆಳೆಯುವ ಶಬ್ದ. ತಂತಿಯ ಕಂಪನದಿಂದ ಹುಟ್ಟುವುದು ಸ್ವರಬದ್ಧ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮೊದಲಾದವರು ಅದನ್ನು ಸಂಗೀತಕ್ಕೇ ಬಳಸಿಕೊಂಡರು. ಪಿಕಪ್ಪಿನ ಸಡಿಲ ಸುರುಳಿ ಅಥವಾ ಲೋಹದ ಮುಚ್ಚಳ ತಾನೇ ಅದುರಿದಾಗ ಬರುವುದು ಕರ್ಕಶ ಕೀರಲು. ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದರೂ ಕೀರಲು ನಿಲ್ಲದಿದ್ದರೆ ದೋಷ ಬಹುಮಟ್ಟಿಗೆ ಪಿಕಪ್ಪಿನದೇ. ಅಂಥ ಪಿಕಪ್ಪಿನ ಮುಚ್ಚಳ ತಟ್ಟಿದರೆ ಸ್ಪೀಕರಿನಲ್ಲಿ ಟಕ್‌ಟಕ್ ಜೋರಾಗಿ ಕೇಳುತ್ತದೆ.

ಸ್ಪೀಕರಿನಿಂದ ದೂರ ಸರಿಯುವುದು, ಆಂಪ್ಲಿಫೈಯರಿನ ಗೇನ್ ಇಳಿಸುವುದು, ಪಿಕಪ್ಪಿನ ತಿರುಪು ಬಿಗಿಮಾಡುವುದು ತಕ್ಷಣದ ಉಪಾಯಗಳು. ಬಾಳಿಕೆಯ ಪರಿಹಾರ ಪಿಕಪ್ಪಿಗೆ ಮೇಣ ತುಂಬುವುದು: ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಬೆರೆಸಿ, ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಗಾಳಿಗುಳ್ಳೆ ಏಳುವುದು ನಿಲ್ಲುವವರೆಗೆ ಪಿಕಪ್ಪನ್ನು ಮುಳುಗಿಸುತ್ತಾರೆ. ನೇರ ಉರಿ ಸಲ್ಲದು, ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕರಗಿಸಬೇಕು; ಶಾಖ ಮೀರಿದರೆ ಸುರುಳಿ ಸುತ್ತಿದ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ.

ಭಾರತದ 50 ಹರ್ಟ್ಸ್ ವಿದ್ಯುತ್ತು ತರುವ ಗುಂಯ್‌ಗುಟ್ಟುವಿಕೆ ಫೀಡ್‌ಬ್ಯಾಕ್ ಅಲ್ಲ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್ ಕೋರಿದ ಜೋಡಿ ಸುರುಳಿಯ ಹಂಬಕರ್ ಅದನ್ನು ಅಡಗಿಸುತ್ತದೆ. ಆರಂಭದ ಹಂಬಕರ್‌ಗಳಿಗೆ ಮೇಣ ತುಂಬುತ್ತಿರಲಿಲ್ಲವಾದ್ದರಿಂದ ಹಳೆಯವು ಕೀರುವುದುಂಟು. ಗೋವಾದ ಮೊಲೆಂನಂಥ ಘಟ್ಟದ ತಪ್ಪಲಿನ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಗಿಟಾರಿನ ಕೇಬಲ್ ಜಾಕ್ ಕಿಲುಬು ಹಿಡಿದರೆ ಬರುವ ಚರಚರ ಸದ್ದೂ ಬೇರೆಯೇ. ಅದಕ್ಕೆ ಮೇಣ ಬೇಕಿಲ್ಲ, ಜಾಕ್ ಶುಚಿಗೊಳಿಸಬೇಕು.