ನಿಷ್ಠೆ ಮತ್ತು ಮೌನ: ಕ್ರೈಸ್ತ-ಬೌದ್ಧ ಧ್ಯಾನಪಥಗಳ ಸಮಾಗಮ



ಷಟ್‌ಸ್ಥಲಗಳಲ್ಲಿ ಎರಡನೆಯದಾದ ಮಹೇಶ್ವರಸ್ಥಲದ ಜೀವಾಳವೇ ನಿಷ್ಠೆ. ತನ್ನ ಇಷ್ಟಲಿಂಗದಲ್ಲಿ ನಿಷ್ಠೆಯುಳ್ಳವನು ಅನ್ಯರ ಧ್ಯಾನಮಾರ್ಗವನ್ನು ಅರಿಯಹೊರಟರೆ ಆ ನಿಷ್ಠೆಗೆ ಕುಂದು ಬರುವುದೇ? ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಸದ್ಭಕ್ತರ ಮನಸ್ಸಿನಲ್ಲಿಯೂ ಏಳಬಹುದಾದ ಪ್ರಶ್ನೆಯಿದು. ಕ್ರೈಸ್ತ ಸಂನ್ಯಾಸಿಗಳು ಬೌದ್ಧ ಭಿಕ್ಷುಗಳನ್ನು ಸಂಧಿಸಿದಾಗ ಅವರಿಗೂ ಇದೇ ಪ್ರಶ್ನೆ ಎದುರಾಯಿತು. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದುದು ನಮ್ಮ ಬೆಂಗಳೂರಿನಲ್ಲಿಯೇ.

ಎರಡೂ ಪರಂಪರೆಗಳಲ್ಲಿ ಧ್ಯಾನವು ಪುರಾತನವಾದುದು. ಬುದ್ಧನು ಬೋಧಿಸಿದ ಆನಾಪಾನಸತಿಯಲ್ಲಿ ಸಾಧಕನು ಒಳಬರುವ, ಹೊರಹೋಗುವ ಉಸಿರನ್ನು ಎಚ್ಚರದಿಂದ ಗಮನಿಸುತ್ತಾನೆ. ಕ್ರಿ.ಶ. 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯನ್ನು ಸೇರಿದ ಕ್ರೈಸ್ತ ತಪಸ್ವಿಗಳು ಚಿಕ್ಕ ಪ್ರಾರ್ಥನೆಯೊಂದನ್ನೇ ಮರಳಿ ಮರಳಿ ಜಪಿಸಿ ಮನಸ್ಸನ್ನು ನೆಲೆಗೊಳಿಸುತ್ತಿದ್ದರು. ಮುಂದೆ ಗ್ರೀಸಿನ ಆಥೋಸ್ ಪರ್ವತದ ಸಂನ್ಯಾಸಿಗಳು ಯೇಸುವಿನ ನಾಮಜಪವನ್ನು ಉಸಿರಾಟದೊಡನೆ ಹೊಂದಿಸಿಕೊಂಡರು.

ಇಂಗ್ಲೆಂಡಿನ ಬೆನೆಡಿಕ್ಟೀನ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದುದು ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ. ಮರುವರ್ಷ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು. 1968ರ ಡಿಸೆಂಬರಿನಲ್ಲಿ ಏಷ್ಯಾದ ಕ್ರೈಸ್ತ ಮಠಗಳ ಪ್ರಥಮ ಸಮಾವೇಶವು ಬ್ಯಾಂಕಾಕ್ ಸಮೀಪ ನಡೆಯಿತು. ದಲೈ ಲಾಮಾ ಅವರನ್ನು ಧರ್ಮಶಾಲೆಯಲ್ಲಿ ಕಂಡು ಧ್ಯಾನದ ಕುರಿತು ಚರ್ಚಿಸಿ ಬಂದಿದ್ದ ಅಮೆರಿಕದ ಟ್ರಾಪಿಸ್ಟ್ ಸಂನ್ಯಾಸಿ ಥಾಮಸ್ ಮರ್ಟನ್ ಅಲ್ಲಿಯೇ ಡಿಸೆಂಬರ್ 10ರಂದು ನಿಧನರಾದರು.

ಎರಡನೆಯ ಸಮಾವೇಶವು 1973ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನೆರವೇರಿತು. ದೈವಾನುಭವವೇ ಅದರ ವಿಷಯ. ಕ್ರೈಸ್ತರೊಡನೆ ಬೌದ್ಧರೂ ಹಿಂದೂಗಳೂ ಅದರಲ್ಲಿ ಪಾಲ್ಗೊಂಡರು. ಮರುವರ್ಷ ರೋಮಿನ ಕಾರ್ಡಿನಲ್ ಪಿನ್ಯೆದೋಲಿಯವರು, ಧರ್ಮಗಳ ಸಂವಾದದಲ್ಲಿ ಸಂನ್ಯಾಸಿಗಳೇ ಮುಂದಾಗಬೇಕೆಂದು ಬೆನೆಡಿಕ್ಟೀನ್ ಸಂಘದ ಮುಖ್ಯಸ್ಥರಿಗೆ ಪತ್ರ ಬರೆದರು.

ಆದರೆ ಸಾಧನೆ ಹೋಲುತ್ತದೆಯೆಂದ ಮಾತ್ರಕ್ಕೆ ಸಿದ್ಧಾಂತವೂ ಒಂದೇ ಎನ್ನಲಾಗದು. ಕ್ರೈಸ್ತನು ಮೌನದಲ್ಲಿ ತನ್ನ ಪ್ರಭುವಿನ ಕೃಪೆಯನ್ನು ಎದುರುನೋಡುತ್ತಾನೆ. ಬೌದ್ಧನು ಸೃಷ್ಟಿಕರ್ತನನ್ನು ಒಪ್ಪದೆ ತೃಷ್ಣೆಯ ಕ್ಷಯವನ್ನು ಅರಸುತ್ತಾನೆ. 1989ರಲ್ಲಿ ರೋಮಿನ ಧರ್ಮಪೀಠವು ಪೂರ್ವದೇಶಗಳ ಧ್ಯಾನಕ್ರಮಗಳ ಕುರಿತು ಪತ್ರವೊಂದನ್ನು ಹೊರಡಿಸಿತು. ಅವುಗಳಲ್ಲಿ ಉಪಯುಕ್ತವಾದುದನ್ನು ಸ್ವೀಕರಿಸಬಹುದು; ಆದರೆ ದೇಹಕ್ಕೆ ದೊರೆತ ಹಿತವನ್ನೇ ದೈವಾನುಭವವೆಂದು ಭ್ರಮಿಸಬಾರದು ಎಂಬುದು ಅದರ ಎಚ್ಚರಿಕೆ.

ಕರಸ್ಥಲದಲ್ಲಿ ಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸುವ ಶಿವಯೋಗದ ಸಾಧಕರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಕಣ್ಣು ನಿಂತು ಉಸಿರು ಸಮವಾದುದು ಮೊದಲ ಮೆಟ್ಟಿಲು ಮಾತ್ರ. ಇನ್ನು ನಿಷ್ಠೆಯ ಪ್ರಶ್ನೆಗೆ ಆ ಸಂನ್ಯಾಸಿಗಳ ನಡೆಯಲ್ಲಿಯೇ ಉತ್ತರವಿದೆ. ಅವರು ಅನ್ಯರೊಡನೆ ಕುಳಿತರು, ಕೇಳಿದರು, ಕಲಿತರು. ತಮ್ಮ ವ್ರತವನ್ನು ಬಿಡಲಿಲ್ಲ. ಅನ್ಯರನ್ನು ಅರಿಯದಿರುವುದರಿಂದ ನಿಷ್ಠೆ ಉಳಿಯುವುದಿಲ್ಲ. ತನ್ನ ಪೂಜೆಯನ್ನು ದಿನವೂ ತಪ್ಪದೆ ಮಾಡುವುದರಿಂದ ಉಳಿಯುತ್ತದೆ.