ಕಾಣದ ಅಲೆಗಳ ಎಂಜಿನಿಯರ್: ರಾಜೇಶ್ವರಿ ಚಟರ್ಜಿ (1922–2010)

ಮೋಡದ ಮರೆಯಲ್ಲಿ ಹಾರುವ ವಿಮಾನವನ್ನೂ ರೇಡಾರ್ ಪತ್ತೆ ಹಚ್ಚುತ್ತದೆ. ಹೇಗೆ? ಅದು ಮೈಕ್ರೋವೇವ್ ಎಂಬ, ಕಣ್ಣಿಗೆ ಕಾಣದ ಅಲೆಗಳನ್ನು ಕಳಿಸುತ್ತದೆ. ಬೆಟ್ಟದ ಎದುರು ಕೂಗಿದ ದನಿ ಮರಳುವಂತೆ, ಅವು ವಿಮಾನಕ್ಕೆ ತಾಗಿ ಹಿಂದಿರುಗುತ್ತವೆ. ಈ ಅಲೆಗಳನ್ನು ಕಳಿಸುವ, ಹಿಡಿಯುವ ಸಾಧನವೇ ಆಂಟೆನಾ.

ರಾಜೇಶ್ವರಿ ದುಡಿದದ್ದು ಈ ಅಲೆಗಳ, ಆಂಟೆನಾಗಳ ಅಧ್ಯಯನಕ್ಕೆ.

ಅವರ ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಮೊದಲ ಮಹಿಳೆಯರಲ್ಲಿ ಒಬ್ಬರು. ಮೊಮ್ಮಗಳಿಗೆ ಇತಿಹಾಸವೂ ಇಷ್ಟ, ವಿಜ್ಞಾನವೂ ಇಷ್ಟ. ಕೊನೆಗೆ ಆರಿಸಿಕೊಂಡದ್ದು ಭೌತಶಾಸ್ತ್ರ ಮತ್ತು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಬೆಂಗಳೂರಿಗರಿಗೆ ಅದು ‘ಟಾಟಾ ಇನ್‌ಸ್ಟಿಟ್ಯೂಟ್’.

ಮುಂದೆ ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಆ ಕಾಲದಲ್ಲಿ ಮದುವೆಯಾಗದ ಹುಡುಗಿಯೊಬ್ಬಳು ಓದಲು ಹಡಗೇರಿ ಅಮೆರಿಕಕ್ಕೆ ಹೋಗುವುದು ಬಹಳ ಅಪರೂಪ. ರಾಜೇಶ್ವರಿ ಹೊರಟೇಬಿಟ್ಟರು! ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ ಬಂದರು.

ತಾವು ಹಿಂದೆ ಸೇರಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ರಾಜೇಶ್ವರಿ ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು. ಎಂಜಿನಿಯರಿಂಗ್ ಗಂಡಸರ ಕೆಲಸವೆಂದು ಜನ ನಂಬಿದ್ದ ದಿನಗಳಲ್ಲಿ ಅವರು ವಿಭಾಗದ ಮುಖ್ಯಸ್ಥರೂ ಆದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳೆಯರ ಏಳಿಗೆಗಾಗಿ ಕೆಲಸ ಮಾಡಿದರು.

ಮಕ್ಕಳೇ, ವೈಫೈ ಮತ್ತು ಬ್ಲೂಟೂತ್ ನಡೆಯುವುದೂ ಮೈಕ್ರೋವೇವ್ ಅಲೆಗಳಿಂದಲೇ. ನಿಮ್ಮ ಮನೆಯಲ್ಲಿ ಎಷ್ಟು ಆಂಟೆನಾಗಳಿವೆ? ಹುಡುಕಿ, ಎಣಿಸಿ ನೋಡಿ.