ಬೂದಿ ಬುಧವಾರ (ಚಿಕ್ಕೋಡಿ ಸೀಮೆ)

ಈಸ್ಟರ್ ಹಬ್ಬಕ್ಕೆ 46 ದಿನ ಮುಂಚೆ ಬರುವ, ಕ್ರೈಸ್ತರ ತಪಸ್ಸುಕಾಲದ ಮೊದಲ ದಿನ. ವಿಭೂತಿ ಬುಧವಾರ ಎಂಬ ಹೆಸರೂ ಇದೆ. ನಡುವಿನ ಆರು ಭಾನುವಾರಗಳನ್ನು ಬಿಟ್ಟರೆ ಉಳಿಯುವ 40 ದಿನಗಳು ಯೇಸು ಅರಣ್ಯದಲ್ಲಿ ಮಾಡಿದ ಉಪವಾಸದ ಸ್ಮರಣೆ. ಈಸ್ಟರ್ ಚಂದ್ರಗತಿಯನ್ನು ಅನುಸರಿಸುವುದರಿಂದ ಈ ಬುಧವಾರ ಫೆಬ್ರವರಿ 4ರಿಂದ ಮಾರ್ಚ್ 10ರ ಒಳಗೆ ಬೀಳುತ್ತದೆ.

ಪಶ್ಚಾತ್ತಾಪಕ್ಕೆ ಬೂದಿ ಹಾಕಿಕೊಳ್ಳುವುದು ಯೆಹೂದ್ಯರ ಹಳೆಯ ರೂಢಿ. ನಿನೆವೆಯ ಅರಸ ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕುಳಿತದ್ದನ್ನು ಯೋನನ ಗ್ರಂಥ ಹೇಳುತ್ತದೆ. ಯೂರೋಪಿನಲ್ಲಿ ಮೊದಲು ಬಹಿರಂಗ ಪ್ರಾಯಶ್ಚಿತ್ತಕ್ಕೆ ನಿಂತವರಿಗಷ್ಟೇ ಇದ್ದ, ಈ ಬುಧವಾರ ಬೂದಿ ಹಚ್ಚಿಸಿಕೊಳ್ಳುವ ವಿಧಿಯನ್ನು 1091ರ ಬೆನೆವೆಂಟೊ ಸಭೆ ಎಲ್ಲ ಭಕ್ತರಿಗೂ ವಿಧಿಸಿತು. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ಈ ಬೂದಿ ಮಾಡುತ್ತಾರೆ.

ಬೆಳಗಾವಿ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಕ್ರೈಸ್ತಧರ್ಮ ಒಂದೇ ದಾರಿಯಲ್ಲಿ ಬರಲಿಲ್ಲ. ಇಲ್ಲಿನ ಪಂಥಗಳು ಈ ದಿನವನ್ನು ಬೇರೆಬೇರೆಯಾಗಿ ಕಾಣುವುದಕ್ಕೆ ಅದೇ ಮೂಲ. ಕ್ಯಾಥೊಲಿಕರ ದಾರಿ ಗೋವೆಯದು. ಈ ಭಾಗ ಬಿಜಾಪುರದ ಆದಿಲ್‌ಶಾಹಿಗೆ ಸೇರಿದ್ದಾಗ, 1637ರಲ್ಲಿ, ರೋಮ್ ಆ ರಾಜ್ಯಕ್ಕೆ ಗೋವೆಯವನೇ ಆದ ಮ್ಯಾಥ್ಯೂಸ್ ಡಿ ಕ್ಯಾಸ್ಟ್ರೊನನ್ನು ಧರ್ಮಾಧಿಕಾರಿಯಾಗಿ ನೇಮಿಸಿತು. ಗೋವಾ ಮಹಾಧರ್ಮಪ್ರಾಂತ ಮತ್ತು ಪುಣೆ ಧರ್ಮಪ್ರಾಂತಗಳ ಭಾಗಗಳಿಂದ 1953ರ ಸೆಪ್ಟೆಂಬರ್ 19ರಂದು ಈ ಸೀಮೆಯೂ ಸೇರಿದ ಬೆಳಗಾವಿ ಧರ್ಮಪ್ರಾಂತ ರೂಪುಗೊಂಡಿತು. ಎರಡನೆಯ ವ್ಯಾಟಿಕನ್ ಸಭೆಯ (1962–65) ಬಳಿಕ ಲ್ಯಾಟಿನ್ ಬದಲು ಜನಭಾಷೆಯಲ್ಲಿ ಪೂಜೆ ನಡೆಯತೊಡಗಿ, ಬೂದಿಯ ವಿಧಿ ಜನರ ಮಾತಿಗೆ ಬಂತು.

ಪ್ರಾಟೆಸ್ಟೆಂಟರ ದಾರಿ ಬೇರೆ. ಲಂಡನ್ ಮಿಷನರಿ ಸೊಸೈಟಿ 1820ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ ಕೆಲಸ 1904ರಲ್ಲಿ ಅಮೆರಿಕದ ಮೆಥಡಿಸ್ಟರ ಕೈಸೇರಿತು. ಪಕ್ಕದ ಕೊಲ್ಹಾಪುರದಲ್ಲಿ 1852ರಿಂದ ಅಮೆರಿಕನ್ ಮಿಷನ್ ಇತ್ತು. ಕಾಗವಾಡಕ್ಕೆ ಸಮೀಪದ ಮಿರಜದಲ್ಲಿ ಪ್ರೆಸ್ಬಿಟೇರಿಯನ್ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದರು. ಮತಸುಧಾರಣೆಯಿಂದ ಬೆಳೆದ ಈ ಪಂಥಗಳು ಬೂದಿಗೆ ಸ್ಥಾನ ಕೊಟ್ಟಿರಲಿಲ್ಲ. ಇಂಗ್ಲೆಂಡಿನ ಚರ್ಚೇ 1548ರಲ್ಲಿ ಅದನ್ನು ಕೈಬಿಟ್ಟಿತ್ತು. 20ನೇ ಶತಮಾನದ ಉತ್ತರಾರ್ಧದಲ್ಲಿ ಹಲವು ದೇಶಗಳ ಮೆಥಡಿಸ್ಟರೂ ಪ್ರೆಸ್ಬಿಟೇರಿಯನ್ನರೂ ಅದನ್ನು ಮತ್ತೆ ಆರಾಧನೆಗೆ ತಂದರು.

ಕ್ಯಾಥೊಲಿಕರೆಲ್ಲರ ತಪಸ್ಸುಕಾಲವೂ ಬುಧವಾರವೇ ಆರಂಭವಾಗುವುದಿಲ್ಲ. ಕರ್ನಾಟಕದಲ್ಲೇ ಇರುವ, ಪೂರ್ವದ ವಿಧಿಯ ಸಿರೋ ಮಲಬಾರ್ ಕ್ಯಾಥೊಲಿಕರ ಉಪವಾಸ ಎರಡು ದಿನ ಮೊದಲೇ, ಸೋಮವಾರ, ತೊಡಗುತ್ತದೆ.

ಪೋಪ್ 6ನೇ ಪಾಲ್ 1966ರಲ್ಲಿ ಉಪವಾಸದ ನಿಯಮಗಳನ್ನು ಸಡಿಲಿಸಿದ ಮೇಲೆ, ಲ್ಯಾಟಿನ್ ವಿಧಿಯ ಕ್ಯಾಥೊಲಿಕರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನಗಳ ಉಪವಾಸ ಮಾತ್ರ ಕಡ್ಡಾಯವಾಗಿ ಉಳಿದಿದೆ.